ರಿಸ್ಟೋರ್ ಮಾಡ್ಸಿದ ಯೆಜ್ಡಿ ಬಿಸಿ ಆದ್ಮೇಲೆ ಯಾಕೆ ನಿಂತ್ಹೋಗುತ್ತೆ?

ಪ್ರಶ್ನೆ: ಸರ್, ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಪೂರ್ತಿ ರಿಸ್ಟೋರ್ ಮಾಡ್ಸಿದೀನಿ. ಪೇಂಟು, ಕ್ರೋಮು, ಬೋರು (ಸಿಲಿಂಡರ್ ಒಳಮೈ ಕೊರೆಸೋದು) ಎಲ್ಲಾ ಆಯ್ತು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟು, ಹತ್ತು ಕಿಲೋಮೀಟರ್ ಹೋದ್ರೆ ನಿಂತ್ಹೋಗುತ್ತೆ, ಅರ್ಧ ಗಂಟೆ ಬಿಟ್ರೆ ಮತ್ತೆ ಸರಿ. ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಲ್ಲಿ ಬೆರೆಸೋದು) ಜಾಸ್ತಿ ಹಾಕಿ ಅಂತಿದಾರೆ, ಹಾಕ್ಲಾ?

ಬೇಡ. ಇದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದ್ಸಲ ಪೂರ್ತಿ ಬರೀತಿದೀನಿ, ಮುಂದೆ ಯಾರು ಕೇಳಿದ್ರೂ ಇದನ್ನೇ ಓದಿ ಅಂತೀನಿ.

ಗಾಡಿ ನಿಂತ ಜಾಗದಲ್ಲೇ, ಬಿಸಿ ಇರೋವಾಗ್ಲೇ ನೋಡ್ಬೇಕು. ಮನೆಗೆ ತಳ್ಕೊಂಡು ಬಂದು ತಣ್ಣಗಾದ್ಮೇಲೆ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಮೊದಲು ಕಿಕ್ಕರ್ ನಿಧಾನಕ್ಕೆ ಒತ್ತಿ. ಗಟ್ಟಿ ಇದ್ರೆ ಪಿಸ್ಟನ್ ಹಿಡೀತಿದೆ, ಬೋರ್ ಮಾಡಿದವರು ಪಿಸ್ಟನ್ ಸುತ್ತ ಜಾಗ ಕಮ್ಮಿ ಬಿಟ್ಟಿರ್ತಾರೆ, ವಾಪಸ್ ಅವರ ಹತ್ರಾನೇ ಹೋಗಿ. ಸಲೀಸಾಗಿದ್ರೆ ಟ್ಯಾಂಕ್ ಮುಚ್ಚಳ ತೆಗೀರಿ. ಉಸ್ ಅಂತ ಗಾಳಿ ಎಳ್ಕೊಂಡು, ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಆಯ್ತಾ? ಮುಚ್ಚಳದ ಗಾಳಿ ತೂತು ಮುಚ್ಚಿದೆ, ಕ್ರೋಮ್ ಮಾಡ್ಸಿದ್ಮೇಲೆ ಹೀಗಾಗುತ್ತೆ. ಅದೂ ಅಲ್ಲ ಅಂದ್ರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಹೆಡ್ಡಿಗೆ ತಾಗಿಸಿಟ್ಟು ಕಿಕ್ ಹೊಡೀರಿ. ನೀಲಿ ಕಿಡಿ ಚಟ್ ಅಂತ ಬರ್ಬೇಕು. ಹಳದಿಯಾಗಿ ಸಣ್ಣಗೆ ಬಂದ್ರೆ ಅಥವಾ ಪಾಯಿಂಟಲ್ಲೇ (ಕಿಡಿಗೋಸ್ಕರ ಕರೆಂಟ್ ಕಡಿದು ಬಿಡೋ ಸ್ವಿಚ್) ಜಾಸ್ತಿ ಕಿಡಿ ಹಾರ್ತಿದ್ರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಪಾಯಿಂಟಲ್ಲಿ ಕಿಡಿ ಹಾರದ ಹಾಗೆ ತಡೆಯೋ ಪುಟ್ಟ ಭಾಗ ಅದು. ಬಲಗಡೆ ಕವರ್ ಒಳಗೆ ಇಂಜಿನ್ ಬಿಸಿಗೇ ಅಂಟ್ಕೊಂಡು ಕೂತಿರುತ್ತೆ ಅದು, ಬಿಸಿಯಾದ್ರೆ ಕೈ ಕೊಡುತ್ತೆ, ತಣ್ಣಗಾದ್ರೆ ಏನೂ ಆಗದ ಹಾಗೆ ಕೆಲಸ ಮಾಡುತ್ತೆ. ಹೊಸದು ಹಾಕಿ, ಪಾಯಿಂಟ್ ಗ್ಯಾಪ್ 0.4 ಎಂಎಂ ಇಡಿ. ಆಮೇಲೂ ಹೀಗೇ ಅಂದ್ರೆ ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಬದಲಾಯಿಸಿ ನೋಡಿ.

ಈಗ ಆಯಿಲ್ ವಿಷಯ. "ಆಯಿಲ್ ಜಾಸ್ತಿ ಇದ್ರೆ ಇಂಜಿನ್ ತಂಪು" ಅನ್ನೋ ನಂಬಿಕೆ ಎಷ್ಟು ಗಾಡಿ ಹಾಳು ಮಾಡಿದೆಯೋ! ಸ್ವಲ್ಪ ನಿಧಾನಕ್ಕೆ ಓದಿ. ಕಾರ್ಬೊರೇಟರಲ್ಲಿ ಪೆಟ್ರೋಲ್ ಬಿಡೋ ಜೆಟ್ಟಿನ ತೂತು ಒಂದೇ ಸೈಜು, ಅದರಲ್ಲಿ ಇಷ್ಟೇ ಮಿಕ್ಸ್ ಹೋಗೋದು. ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಹಾಕಿದ್ರೆ ಆ ಮಿಕ್ಸಿನ 100 ಪಾಲಲ್ಲಿ 96 ಪಾಲು ಪೆಟ್ರೋಲು. 100 ಎಂಎಲ್ ಸುರಿದ್ರೆ ಪೆಟ್ರೋಲು 91 ಪಾಲಿಗೆ ಇಳೀತು. ಗಾಳಿ ಮಾತ್ರ ಮೊದಲಿನಷ್ಟೇ ಬರ್ತಿದೆ. ಗಾಳಿ ಅಷ್ಟೇ ಇದ್ದು ಪೆಟ್ರೋಲ್ ಕಮ್ಮಿ ಆದ್ರೆ ಅದೇ ಲೀನ್, ಇಂಜಿನ್ ಬಿಸಿ ಏರೋದೇ ಅದರಿಂದ. ಅಂದ್ರೆ ತಂಪು ಮಾಡೋಕೆ ಅಂತ ಹಾಕಿದ್ದು ಬಿಸಿನೇ ಜಾಸ್ತಿ ಮಾಡ್ತು. ಮೇಲಿಂದ ಮಿಕ್ಸ್ ದಪ್ಪ ಆಗಿ ಜೆಟ್ಟಲ್ಲಿ ನಿಧಾನಕ್ಕೆ ಹರಿಯುತ್ತೆ, ಪ್ಲಗ್ ಕಪ್ಪಗಾಗಿ ಮಿಸ್ ಹೊಡೆಯುತ್ತೆ, ಎರಡೂ ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟುತ್ತೆ, ಹೊಗೆ ಹೊರಗೆ ಹೋಗ್ದೆ ಎಳೆಯೋದು ಕಮ್ಮಿ ಆಗುತ್ತೆ, ಆಗ ಮತ್ತೆ "ಇನ್ನೊಂದು ಸ್ವಲ್ಪ ಆಯಿಲ್ ಹಾಕಿ" ಅಂತಾರೆ! ಹೊಸ ಬೋರ್ ಆದ್ರೆ ಮೊದಲ 500 ಕಿಲೋಮೀಟರ್ 50 ಎಂಎಲ್ ಇರ್ಲಿ, ಆಮೇಲೆ ಒಳ್ಳೆ ಆಯಿಲ್ಲಾದ್ರೆ 30ರಿಂದ 40 ಸಾಕೇ ಸಾಕು.

ಅದಕ್ಕಿಂತ ದೊಡ್ಡ ತಪ್ಪು ಏನಂದ್ರೆ, ಆಯಿಲ್ ಸುರೀತಾ ಇದ್ರೆ ನಿಜವಾದ ಕಾಯಿಲೆ ಕಾಣೋದೇ ಇಲ್ಲ. ಪಿಸ್ಟನ್ ತಿರುಗಿಸೋ ಕ್ರ್ಯಾಂಕಿನ ಎರಡೂ ಪಕ್ಕ ಆಯಿಲ್ ಸೀಲ್ (ಗಾಳಿ, ಆಯಿಲ್ ಒಳಗೆ ಬರದ ಹಾಗೆ ತಡೆಯೋ ರಬ್ಬರ್ ಬಳೆ) ಇರುತ್ತೆ. ಯೆಜ್ಡಿ ಮಾಡ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟ್ರಿ ಮುಚ್ಚಿದ್ದು 1996ರಲ್ಲಿ, ಅಂದ್ರೆ ಕೊನೇ ಯೆಜ್ಡಿಯ ರಬ್ಬರ್‌ಗೂ ಹತ್ತಿರ ಹತ್ತಿರ ಮೂವತ್ತು ವರ್ಷ, ನಿಮ್ಮಪ್ಪನ ಗಾಡಿ ಇನ್ನೂ ಹಳೇದಿರುತ್ತೆ. ಸೀಲ್ ಬದಲಾಯಿಸೋಕೆ ಇಂಜಿನ್ ಬಿಚ್ಬೇಕು, ಅದಕ್ಕೇ ತುಂಬಾ ಜನ ಅದನ್ನ ಬಿಟ್ಟು ಪೇಂಟಿಗೆ ದುಡ್ಡು ಹಾಕ್ತಾರೆ. ಬಲಗಡೆ ಸೀಲ್ ಹೋದ್ರೆ ಕಾರ್ಬೊರೇಟರ್ ಬಿಟ್ಟು ಬೇರೆ ದಾರೀಲಿ ಗಾಳಿ ಒಳಗೆ ಬರುತ್ತೆ, ಆಕ್ಸಿಲರೇಟರ್ ಬಿಟ್ರೂ ಇಂಜಿನ್ ಕೂಗ್ತಾನೇ ಇರುತ್ತೆ, ಕೊನೆಗೆ ಸೀಜ್, ಅಂದ್ರೆ ಪಿಸ್ಟನ್ ಹಿಡ್ಕೊಂಡು ಇಂಜಿನ್ ಜಾಮ್. ಎಡಗಡೆದು ಹೋದ್ರೆ ಗೇರ್ ಆಯಿಲ್ ಎಳ್ಕೊಂಡು ಸುಡುತ್ತೆ, ಹೊಗೆ ನಿಲ್ಲೋದೇ ಇಲ್ಲ, ಗೇರ್ ಬಾಕ್ಸಲ್ಲಿ ಆಯಿಲ್ ಇಳೀತಾ ಹೋಗುತ್ತೆ. ರಿಸ್ಟೋರ್ ಮಾಡಿದವರನ್ನ ಮೊದಲು ಕೇಳ್ಬೇಕಾದ್ದು ಸೀಲ್ ಹೊಸದಾ ಅಂತ, ಪೇಂಟು ಆಮೇಲೆ.

ನೀವು ಕೇಳ್ಲಿಲ್ಲ, ಆದ್ರೂ ಹೇಳ್ಬೇಕು. ಗಾಡಿ ಸರಿ ಆದ ಖುಷೀಲಿ ಚಾಮುಂಡಿ ಬೆಟ್ಟ ಹತ್ತಿ ಇಳೀತೀರಲ್ಲ, ಇಳಿಯುವಾಗ ಗೇರಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಕೊಂಡು ಬರ್ಬೇಡಿ. ಟೂ ಸ್ಟ್ರೋಕಲ್ಲಿ ಪಿಸ್ಟನ್ನಿಗೆ ಆಯಿಲ್ ಬರೋದು ಪೆಟ್ರೋಲ್ ಜೊತೆಗೇ. ಆಕ್ಸಿಲರೇಟರ್ ಮುಚ್ಚಿದ್ರೆ ಪೆಟ್ರೋಲ್ ಹೆಚ್ಚುಕಮ್ಮಿ ನಿಂತ ಹಾಗೆ, ಚಕ್ರ ಮಾತ್ರ ಇಂಜಿನ್ನನ್ನ ಜೋರಾಗಿ ತಿರುಗಿಸ್ತಿರುತ್ತೆ, ಆಯಿಲ್ ಸಾಕಾಗ್ದೆ ಪಿಸ್ಟನ್ ಹಿಡ್ಕೊಳ್ಳಬಹುದು. ಆಗುಂಬೆ, ಚಾರ್ಮಾಡಿ ಥರ ಉದ್ದ ಘಾಟಿಯಲ್ಲಂತೂ ಇನ್ನೂ ಅಪಾಯ. ಬ್ರೇಕ್ ಮೇಲೆ ಹತೋಟಿ ಇಟ್ಕೊಂಡು, ಆಗಾಗ ಕ್ಲಚ್ ಹಿಡಿದು ಒಂದ್ಸಲ ಆಕ್ಸಿಲರೇಟರ್ ಕೊಡಿ. ಹಿಂದೆ ಸ್ವಲ್ಪ ಹೊಗೆ ಬರುತ್ತೆ, ಬರ್ಲಿ, ಆಯಿಲ್ ಪಿಸ್ಟನ್ನಿಗೆ ತಲುಪಿದೆ ಅಂತ ಅರ್ಥ.