ಆ ಜೋಗಿ ಆನೆಗಳನ್ನೂ ಕರ್ಕೊಂಡು ಹೋಗ್ತಾನಾ?

ಜೂನ್ ಮಳೆ ಹಿಡಿದರೆ ಕೊಡಗಿನ ನಮ್ಮ ಪಂಚಾಯಿತಿ ಲೈಬ್ರರಿಗೆ ಬರುವ ಮಕ್ಕಳು ಜಾಸ್ತಿ. ಮೈದಾನದಲ್ಲಿ ನೀರು, ಮನೆಯಲ್ಲಿ ಕರೆಂಟ್ ಇಲ್ಲ. ಕೊಡೆ ಮಡಚಿ ಬಾಗಿಲ ಪಕ್ಕ ಇಟ್ಟು, ಕಾಲಿಗೆ ಕಚ್ಚಿದ ಜಿಗಣೆ ಕಿತ್ತು, ಒಳಗೆ ಬರುತ್ತಾರೆ. ಜೊತೆಗೆ ಬಂದ ಅಮ್ಮಂದಿರು ಕೇಳುವುದು ಒಂದೇ: "ಮೇಡಂ, ನೀತಿ ಇರೋ ಪುಸ್ತಕ ಕೊಡಿ." ಇಲ್ಲಾಂದ್ರೆ ಜನರಲ್ ನಾಲೆಡ್ಜ್. ಇಲಿ ಮಾತಾಡುವ ಕತೆ ಕೊಟ್ಟರೆ, "ಇದೆಲ್ಲ ಸುಳ್ಳಲ್ವಾ?" ಅಂತ ವಾಪಸ್ ಇಡುತ್ತಾರೆ.

ಇಲಿ ಮಾತಾಡಲ್ಲ ಅಂತ ಐದು ವರ್ಷದ ಮಗುವಿಗೂ ಗೊತ್ತು. ಮಾತಾಡಿದ್ದರೆ ಏನಾಗುತ್ತಿತ್ತು ಅಂತ ನೋಡುವ ಆಸೆ ಅದಕ್ಕೆ. ಆ ಆಸೆಗೆ ಸರಿಯಾದ ಪುಸ್ತಕ ಹುಡುಕಿಕೊಡುವುದು ನನ್ನ ಕೆಲಸ.

ಪುಸ್ತಕ ಆರಿಸುವಾಗ ನಾನು ವಯಸ್ಸಿಗಿಂತ ಮೊದಲು ನೋಡುವುದು ಮಗು ಎಂಥ ಮನೆಯಿಂದ ಬಂದಿದೆ ಅಂತ. ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಸಿದ್ದಾಪುರದ ಕಡೆಯ ಕಾಫಿ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಹುಡುಗ, ಮೂರನೇ ಕ್ಲಾಸ್. ಆನೆಮರಿ ಊರಿಗೆ ಬಂದು ತಮಾಷೆ ಮಾಡುವ ಚಿತ್ರದ ಪುಸ್ತಕ ಕೊಟ್ಟೆ. ಎರಡು ಪುಟ ತಿರುವಿ, ಮುಚ್ಚಿ, ಮೇಜಿನ ಮೇಲೆ ಬೋರಲು ಇಟ್ಟ. ಹಿಂದಿನ ವಾರ ಆನೆ ಅವರ ಅಡುಗೆಮನೆ ಗೋಡೆ ಕೆಡವಿ ಅಕ್ಕಿ ಮೂಟೆ ಎಳೆದಿತ್ತಂತೆ. ನಾನು ಕೇಳಿರಲಿಲ್ಲ. ಪುಸ್ತಕದಲ್ಲಿ ತಪ್ಪಿರಲಿಲ್ಲ, ಕೊಟ್ಟವಳು ನಾನು.

ಆಮೇಲೆ ಅವನನ್ನು ಹಿಡಿದು ಕೂರಿಸಿದ್ದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಅದು ಜರ್ಮನಿಯ ಹ್ಯಾಮೆಲಿನ್ ಊರಿನ ಹಳೆಯ ಕತೆ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷ್ ಪದ್ಯವಾಗಿ ಪ್ರಕಟಿಸಿದ್ದನ್ನು ಕುವೆಂಪು ತುಂಗಾ ತೀರಕ್ಕೆ ತಂದರು. ತಂದ ಮೇಲೆ ಅದು ಪೂರ್ತಿ ನಮ್ಮದೇ ಆಯಿತು. ನಾನು ಗಟ್ಟಿಯಾಗಿ ಓದುತ್ತಿದ್ದೆ. ಜೋಗಿ ಕಿಂದರಿ ವಾದ್ಯ ನುಡಿಸಿದ, ಇಲಿಗಳೆಲ್ಲ ಅವನ ಹಿಂದೆ ಹೊರಟವು. ಆ ಹುಡುಗ ಎದ್ದು ನಿಂತ. "ಆ ಜೋಗಿ ಆನೆಗಳನ್ನೂ ಕರ್ಕೊಂಡು ಹೋಗ್ತಾನಾ?" ಮಕ್ಕಳೆಲ್ಲ ಒಟ್ಟಿಗೆ ಶುರು ಮಾಡಿದರು. ಆನೆಗೆ ಕಿಂದರಿ ಸಾಲದು, ಕೊಂಬು ಊದಬೇಕು. ಇಲಿಗಳ ಹಾಗೆ ಹೊಳೆಗೆ ಬೀಳಿಸಬಾರದು, ಪಾಪ, ಕಾಡಿಗೆ ಬಿಡಬೇಕು. ಮರುದಿನ ಅವನೊಂದು ಚಿತ್ರ ತಂದ: ಮುಂದೆ ಜೋಗಿ, ಹಿಂದೆ ಹನ್ನೊಂದು ಆನೆ, ಕಾವೇರಿ ದಾಟಿ ದುಬಾರೆ ಕಾಡಿನ ಕಡೆಗೆ. ಕೊನೆಯ ಆನೆಯ ಸೊಂಡಿಲಲ್ಲಿ ಅಕ್ಕಿ ಮೂಟೆ ಇತ್ತು.

ಪದ್ಯಕ್ಕೆ ಇಲ್ಲಿ ಇನ್ನೊಂದು ಉಪಯೋಗ ಇದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಕನ್ನಡ ಅಲ್ಲ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತುಳು. ಅರ್ಥ ಆಗದ ಪದ ಬಂದರೂ ಲಯ ಅವರನ್ನು ಮುಂದಕ್ಕೆ ಕರೆದೊಯ್ಯುತ್ತದೆ. ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದ, 'ಹುತ್ತರಿ ಹಾಡು' ಬರೆದ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳನ್ನು ಅದಕ್ಕೇ ಕೈಗೆ ಸಿಗುವ ಕಪಾಟಿನಲ್ಲಿ ಇಟ್ಟಿದ್ದೇನೆ. ಯಾವ ಪುಸ್ತಕವೇ ಆಗಲಿ, ಕೊಡುವ ಮೊದಲು ಒಂದು ಪುಟ ಬಾಯಿಬಿಟ್ಟು ಓದಿ ನೋಡಿ. ನಿಮ್ಮ ನಾಲಿಗೆಯೇ ತೊಡರಿದರೆ ಬೇಡ.

ಇನ್ನೊಂದು, ಮಾಯೆಗೂ ಒಂದು ಲೆಕ್ಕ ಇರಬೇಕು. ಇಲಿ ಓಡಿಸಿದರೆ ಹಣ ಕೊಡುತ್ತೇವೆ ಅಂದ ಊರವರು ಮಾತು ತಪ್ಪಿದ್ದಕ್ಕೇ ಜೋಗಿ ಎರಡನೇ ಸಲ ನುಡಿಸಿ, ಊರ ಮಕ್ಕಳನ್ನು ಬೆಟ್ಟದೊಳಗೆ ಕರೆದೊಯ್ಯುವುದು. ಕಾರಣ ಇಲ್ಲದೆ ಏನು ಬೇಕಾದರೂ ಆಗುವ ಕತೆ ಮಕ್ಕಳಿಗೆ ಬೇಗ ಬೇಜಾರು ಬರಿಸುತ್ತದೆ.

ಆಗಷ್ಟೇ ಓದಲು ಕಲಿತವರಿಗೆ ದೊಡ್ಡ ಚಿತ್ರ, ಪುಟಕ್ಕೆ ಎರಡು ಸಾಲು ಸಾಕು. ಊರಲ್ಲಿ ಪುಸ್ತಕದ ಅಂಗಡಿ ಇಲ್ಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಇಂಟರ್ನೆಟ್ಟಲ್ಲೇ ಉಚಿತವಾಗಿ ಸಿಗುತ್ತವೆ, ಓದಿನ ಹಂತವನ್ನೂ ಹಾಕಿರುತ್ತಾರೆ.

ಎಂಟನೇ ಕ್ಲಾಸ್ ದಾಟಿದವರಿಗೆ ನಾನು ಧೈರ್ಯವಾಗಿ ಕೊಡುವುದು ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ' (1980). ಹಾರುವ ಓತಿಯ ಬೆನ್ನು ಹತ್ತಿ ಹೋಗುವ ಕತೆ. ಓತಿ ಹಾರೋದಾ, ಬುರುಡೆ ಅಂದವನಿಗೆ ಪಕ್ಕದ ಹುಡುಗಿಯೇ ಉತ್ತರ ಕೊಟ್ಟಳು: ಅವಳ ಅಜ್ಜನ ಮನೆಯ ಅಡಿಕೆ ಮರದಲ್ಲೇ ಇದೆಯಂತೆ. ಇರಬಹುದು. ಪಕ್ಕೆಲುಬು ಚಾಚಿ, ಚರ್ಮವನ್ನು ರೆಕ್ಕೆಯ ಹಾಗೆ ಬಿಚ್ಚಿ, ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಇದೆ. ಮುಂದಿನ ಭಾನುವಾರ ಇಬ್ಬರೂ ಆ ತೋಟಕ್ಕೆ ಹೋಗಿ ಕತ್ತು ನೋಯುವವರೆಗೆ ಮೇಲೆ ನೋಡಿ ಬಂದರು. ಸಿಗಲಿಲ್ಲವಂತೆ. ಪುಸ್ತಕವನ್ನು ಇನ್ನೊಮ್ಮೆ ಒಯ್ದಿದ್ದಾರೆ.

ಅಮ್ಮಂದಿರಲ್ಲಿ ಒಂದೇ ಕೋರಿಕೆ. ಕತೆ ಮುಗಿದ ಕೂಡಲೇ "ಇದರಿಂದ ಏನು ಕಲಿತೆ?" ಅಂತ ಕೇಳಬೇಡಿ. ಸುಮ್ನೆ ಬಿಡಿ. ಕಿಂದರಿಜೋಗಿ ಓದಿ ಮೂರು ವಾರ ಆದ ಮೇಲೆ, ಪುಸ್ತಕ ಜೋಡಿಸುತ್ತಿದ್ದ ಹುಡುಗಿಯೊಬ್ಬಳು ತಟ್ಟನೆ ಕೇಳಿದಳು: "ಮೇಡಂ, ಬೆಟ್ಟದೊಳಗೆ ಹೋದ ಮಕ್ಕಳು ಊಟಕ್ಕೆ ಏನು ಮಾಡ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು ನಮ್ಮ ಕೊಡಗಿನ ಅಕ್ಕಿ ಉಂಡೆಯ ಹೆಸರು ಹೇಳಿದ: "ಕಡಂಬುಟ್ಟು."