ಬೈಪಾಸ್ ನಾಳಕ್ಕೆ ಔಷಧದ ಸ್ಟೆಂಟ್ ಹಾಕಿಸಿದರೆ ಮತ್ತೆ ಬ್ಲಾಕ್ ಆಗಲ್ವಾ?

ಪ್ರಶ್ನೆ: ಅಪ್ಪನಿಗೆ ಬೈಪಾಸ್ ಆಗಿ 11 ವರ್ಷ. ಕಾಲಿನಿಂದ ತೆಗೆದು ಜೋಡಿಸಿದ ನಾಳ ಈಗ ಕಿರಿದಾಗಿದೆಯಂತೆ. ಔಷಧ ಲೇಪಿಸಿದ ಸ್ಟೆಂಟ್ ಹಾಕಿಸಿದರೆ ಮತ್ತೆ ತೊಂದರೆ ಬರಲ್ಲ, ಅಲ್ವಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ: ಹಾಗೆ ಯಾವ ಸ್ಟೆಂಟೂ ಭರವಸೆ ಕೊಡುವುದಿಲ್ಲ.

ಬರೀ ಲೋಹದ ಸ್ಟೆಂಟಿನ ಜಾಲರಿಯೊಳಗೆ ಗಾಯ ಮಾಯುವಾಗ ಮಾಂಸ ಬೆಳೆದು ದಾರಿ ಕಟ್ಟಿಕೊಳ್ಳಬಹುದು. ಔಷಧ ಆ ಬೆಳವಣಿಗೆಯನ್ನು ತಡೆಯುತ್ತದೆ. ಹೃದಯದ ಸ್ವಂತ ನಾಳಗಳಲ್ಲಿ ಇದರಿಂದ ನಿಜಕ್ಕೂ ಲಾಭವಾಗಿದೆ. ಅದನ್ನೇ ಕಾಲಿನ ನಾಳಕ್ಕೂ ಅನ್ವಯಿಸುವುದೇ ತಪ್ಪು. ಕಾಲಲ್ಲಿ ಕಡಿಮೆ ಒತ್ತಡಕ್ಕೆ ಒಗ್ಗಿದ್ದ ನಾಳ ಅದು. ಹೃದಯದ ಮೇಲೆ ಏಕಾಏಕಿ ಜೋರು ಒತ್ತಡ ತಡೆಯಬೇಕು. ಗೋಡೆ ದಪ್ಪಗಾಗುತ್ತದೆ, ಉದ್ದಕ್ಕೂ ಮೆತ್ತನೆಯ ಕೊಬ್ಬು ಕೂರುತ್ತದೆ. ಸ್ಟೆಂಟ್ ಹಾಕಿದ ಜಾಗ ಚೆನ್ನಾಗಿಯೇ ಇದ್ದು, ಎರಡು ಬೆರಳು ಆಚೆ ಹೊಸ ಬ್ಲಾಕ್ ಬರಬಹುದು. ಔಷಧ ಅಲ್ಲಿಗೆ ತಲುಪುವುದಿಲ್ಲ.

ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಜರ್ಮನಿಯಲ್ಲಿ 610 ಜನರ ಮೇಲೆ ನಡೆದ ಅಧ್ಯಯನದಲ್ಲಿ ಮೊದಲ ವರ್ಷ ಸಾವು, ಹೃದಯಾಘಾತ, ಮತ್ತೆ ಚಿಕಿತ್ಸೆ, ಇವಿಷ್ಟೂ ಸೇರಿ ಔಷಧದ ಸ್ಟೆಂಟಿನವರಲ್ಲಿ 15%, ಲೋಹದ್ದರಲ್ಲಿ 22%. ಜನ ಇಷ್ಟನ್ನೇ ಹಿಡಿದುಕೊಂಡರು. 5 ವರ್ಷಕ್ಕೆ ಆ ಅಂತರವೇ ಉಳಿಯಲಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 597 ರೋಗಿಗಳಲ್ಲಿ, 2018ರಲ್ಲಿ ಪ್ರಕಟವಾದಂತೆ, ಒಂದು ವರ್ಷಕ್ಕೇ ದೊಡ್ಡ ವ್ಯತ್ಯಾಸ ಕಾಣಲಿಲ್ಲ: ಔಷಧದ್ದರಲ್ಲಿ 17%, ಲೋಹದ್ದರಲ್ಲಿ 19%. ಇವತ್ತು ಹೆಚ್ಚಾಗಿ ಹಾಕುವುದು ಔಷಧದ್ದನ್ನೇ. ಅದು ತಪ್ಪಲ್ಲ. ಅದು ಹಾಕಿದ್ದರಿಂದ ನಾಳ ಗೆದ್ದಿತು ಅಂದುಕೊಳ್ಳುವುದು ತಪ್ಪು.

ಪೊರೆ ಹೊದಿಸಿದ ಸ್ಟೆಂಟೂ ಬಂದಿತ್ತು. ಕೊಬ್ಬನ್ನು ಗೋಡೆಗೇ ಒತ್ತಿ ಹಿಡಿಯುತ್ತದೆ ಎಂಬ ಆಸೆ ಈಡೇರಲಿಲ್ಲ.

ಹಾಕುವಾಗ ಸ್ಟೆಂಟ್ ಅಗಲವಾಗಿ ತೆರೆದುಕೊಳ್ಳುವಾಗ ಆ ಮೆತ್ತನೆ ಕೊಬ್ಬು ಚೂರಾಗಿ ಮುಂದೆ ಹರಿದು ಸಣ್ಣ ನಾಳಗಳನ್ನು ಕಟ್ಟಬಹುದು. ಅದನ್ನು ಹಿಡಿಯುವ ಸಾಧನಗಳಿವೆ. ಹಾಗೊಂದು ಸಾಧನ ಬಳಸಿದ 2002ರ ಅಧ್ಯಯನದಲ್ಲಿ 30 ದಿನದೊಳಗಿನ ತೊಂದರೆ 16.5%ರಿಂದ 9.6%ಕ್ಕೆ ಇಳಿದಿತ್ತು. ಯಾವ ಸ್ಟೆಂಟ್ ಎಂದು ಕೇಳುವವರು ಇದನ್ನು ಕೇಳುವುದೇ ಇಲ್ಲ!

ನೀವು ಕೇಳದ ಇನ್ನೊಂದು ಮಾತು. ಬೈಪಾಸ್ ಮಾಡಿದಾಗ ಹೃದಯದ ಸ್ವಂತ ಹಳೆಯ ನಾಳವನ್ನು ತೆಗೆದುಹಾಕಿರುವುದಿಲ್ಲ. ಅದು ಅಲ್ಲೇ ಇದೆ. ಸಾಧ್ಯವಾದರೆ ಅದನ್ನೇ ತೆರೆದು ಸ್ಟೆಂಟ್ ಹಾಕುವುದೂ ಒಂದು ದಾರಿ. ಪೂರ್ತಿ ಮುಚ್ಚಿ ಗಟ್ಟಿಯಾಗಿದ್ದರೆ ತಂತಿ ದಾಟಿಸುವುದು ಕಷ್ಟ, ಸಮಯವೂ ಜಾಸ್ತಿ. ಅಪ್ಪನ ಆಂಜಿಯೋಗ್ರಾಮ್ ಮುಂದಿಟ್ಟುಕೊಂಡು ಡಾಕ್ಟರ ಹತ್ತಿರ ಮೊದಲು ಆ ನಾಳದ ಬಗ್ಗೆ ಕೇಳಿ.