ಮೂರಾಣೆಯಿಂದ ಮೂವತ್ತೆರಡು ರೂಪಾಯಿಗೆ: ಮನೆಯ ಲೆಕ್ಕ, ಸರ್ಕಾರದ ಲೆಕ್ಕ

1963ರ ಆಗಸ್ಟ್ ತಿಂಗಳು. ನೆಹರೂ ಸರ್ಕಾರದ ಮೇಲೆ ಲೋಕಸಭೆಯಲ್ಲಿ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಬಂದಿತ್ತು. ಮಂಡಿಸಿದವರು ಆಚಾರ್ಯ ಕೃಪಲಾನಿ. ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಆದರೆ ಆ ದಿನಗಳಿಂದ ಜನರ ಬಾಯಲ್ಲಿ ಉಳಿದಿದ್ದು ಯುದ್ಧದ ಮಾತಲ್ಲ, ಆಣೆಯ ಮಾತು. ಅದೇ ವರ್ಷ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಎದ್ದು ನಿಂತರು. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಪ್ರಧಾನಿಗಾಗಿ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂಬ ಲೆಕ್ಕವನ್ನೂ ಅದರ ಪಕ್ಕಕ್ಕಿಟ್ಟರು. ನೆಹರೂ ಒಪ್ಪಲಿಲ್ಲ. ಮೂರಾಣೆ ಅಲ್ಲ, ಹದಿನೈದಾಣೆ ಎಂದರು.

ರೂಪಾಯಿಗೆ ಹದಿನಾರಾಣೆ. ಮೂರಾಣೆ ಅಂದರೆ 19 ಪೈಸೆಯೂ ಆಗುವುದಿಲ್ಲ. ಹದಿನೈದಾಣೆ ಅಂದರೆ ಹತ್ತಿರ ಹತ್ತಿರ ಒಂದು ರೂಪಾಯಿ. ಒಂದೇ ದೇಶ, ಅದೇ ಜನ, ಲೆಕ್ಕದಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ? ಹದಿನೈದಾಣೆ ಎಂಬುದು ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ಸೇರಿಸಿ ಭಾಗಿಸಿದ ಸರಾಸರಿ. ಲೋಹಿಯಾ ಹೇಳುತ್ತಿದ್ದದ್ದು ಕೆಳಗಿನ ನೂರಕ್ಕೆ ಅರವತ್ತು ಜನರ ಬದುಕು. ಒಂಬತ್ತು ಜನರ ಜೇಬಲ್ಲಿ ಒಂದೊಂದು ರೂಪಾಯಿ, ಹತ್ತನೆಯವನ ಜೇಬಲ್ಲಿ 91 ರೂಪಾಯಿ ಇದೆ ಅಂದುಕೊಳ್ಳಿ. ಸರಾಸರಿ ತೆಗೆದರೆ ತಲೆಗೆ ಹತ್ತು ರೂಪಾಯಿ. ಆ ಹತ್ತು ರೂಪಾಯಿಯನ್ನು ಒಂಬತ್ತು ಜನ ಕಣ್ಣಲ್ಲೂ ನೋಡಿಲ್ಲ, ಅಲ್ವಾ?

ಮೂರಾಣೆ ಸರಿಯೋ ಹದಿನೈದಾಣೆ ಸರಿಯೋ ಎಂದು ತೀರ್ಪು ಕೊಡುವುದಕ್ಕೆ ನಾನು ಈ ಕಥೆ ತೆಗೆಯಲಿಲ್ಲ. ಸಾಮಾನ್ಯ ಮನುಷ್ಯನ ದಿನದ ಖರ್ಚು ದೇಶದ ಅತಿ ದೊಡ್ಡ ಸಭೆಯಲ್ಲಿ, ಪ್ರಧಾನಿಯ ಎದುರಲ್ಲೇ ಚರ್ಚೆಗೆ ಬಂತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಮುಂದೆ ಬರುವ ಯಾವ ನಾಯಕನಿಗಾದರೂ ಜನರ ಚಿಂತೆ ತಿಳಿಯಬೇಕಾದರೆ ಶುರುಮಾಡಬೇಕಾದ ಜಾಗ ಇದೇ.

ಈ ಜಗಳ 1963ರಲ್ಲಿ ಹುಟ್ಟಿದ್ದಲ್ಲ. 1870ರ ದಶಕದಲ್ಲೇ ದಾದಾಭಾಯಿ ನವರೋಜಿ ಕೂತು ಲೆಕ್ಕ ಹಾಕಿದ್ದರು. ಬ್ರಿಟಿಷರು ಭಾರತ ಉದ್ಧಾರವಾಗುತ್ತಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಬೆಳೆ, ಉಪ್ಪು, ಗಣಿ, ಕೈಗಾರಿಕೆ ಎಲ್ಲ ಕೂಡಿಸಿ ಭಾಗಿಸಿದಾಗ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬಂದಿದ್ದು ಸುಮಾರು 20 ರೂಪಾಯಿ. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಸರ್ಕಾರದ್ದೇ ಜೈಲು ವರದಿಗಳನ್ನು ತೆರೆದು, ಒಬ್ಬ ಕೈದಿಯ ಊಟ ಬಟ್ಟೆಗೆ ಎಷ್ಟು ಖರ್ಚಾಗುತ್ತದೆ ಎಂದು ನೋಡಿದರು. ತಪ್ಪು ಮಾಡಿ ಒಳಗಿರುವವನಿಗೆ ಸಿಗುವಷ್ಟೂ ಹೊರಗೆ ಬೆವರು ಸುರಿಸುವವನಿಗೆ ಸಿಗುತ್ತಿಲ್ಲ ಎಂದು ತೋರಿಸಿಕೊಟ್ಟರು. ಭಾಷಣ ಮಾಡಿ ತಳ್ಳಿಹಾಕುವುದಕ್ಕೆ ಆಗದ ಲೆಕ್ಕ ಅದು. ಅಂಕಿಗಳೆಲ್ಲ ಬ್ರಿಟಿಷರ ಕಡತದಲ್ಲೇ ಇದ್ದವಲ್ಲ.

ಆಮೇಲೆ 1930ರ ಮಾರ್ಚ್ 2. ಗಾಂಧೀಜಿ ಸಾಬರಮತಿ ಆಶ್ರಮದಿಂದ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದರು. ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತು, ಆದರೆ ಅದಕ್ಕೆ ಮುಂಚಿನ ಈ ಪತ್ರದ ಒಳಗೆ ಏನಿದೆ ಎಂದು ಓದಿದವರು ಕಡಿಮೆ. ಅದರಲ್ಲಿ ಗಾಂಧೀಜಿ ವೈಸರಾಯ್ ಸಂಬಳವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮಗೆ ತಿಂಗಳಿಗೆ 21 ಸಾವಿರ ರೂಪಾಯಿಗೂ ಜಾಸ್ತಿ ಬರುತ್ತದೆ, ಅಂದರೆ ದಿನಕ್ಕೆ 700 ರೂಪಾಯಿಗೂ ಜಾಸ್ತಿ, ಇಲ್ಲಿನ ಸಾಮಾನ್ಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ ಎನ್ನುತ್ತಾರೆ. ಇಂಗ್ಲೆಂಡಿನ ಪ್ರಧಾನಿಗೆ ಸಿಗುವುದು ಅಲ್ಲಿನ ಜನರ ಸರಾಸರಿಯ 90 ಪಟ್ಟು, ನಿಮಗೆ ಸಿಗುವುದು ಇಲ್ಲಿನವರ ಸರಾಸರಿಯ 5 ಸಾವಿರ ಪಟ್ಟಿಗೂ ಮಿಕ್ಕಿ ಎಂದು ಹೋಲಿಸುತ್ತಾರೆ. ಇದು ನಿಮ್ಮ ಮನಸ್ಸು ನೋಯಿಸಲು ಅಲ್ಲ, ವ್ಯವಸ್ಥೆಯ ಬಗ್ಗೆ ಹೇಳುವ ಮಾತು ಎಂದು ವಿನಯದಿಂದ ಸೇರಿಸುತ್ತಾರೆ. ವೈಸರಾಯ್ ಕಡೆಯಿಂದ ಬಂದದ್ದು ನಾಲ್ಕು ಸಾಲಿನ ಒಣ ಉತ್ತರ. ಮೊಣಕಾಲೂರಿ ರೊಟ್ಟಿ ಕೇಳಿದೆ, ಸಿಕ್ಕಿದ್ದು ಕಲ್ಲು ಎಂದರು ಗಾಂಧೀಜಿ. ಹತ್ತು ದಿನಕ್ಕೆ ದಂಡಿಯ ಕಡೆ ಹೆಜ್ಜೆ ಹಾಕಿದರು.

ಇಂಥ ಲೆಕ್ಕ ಕೇಳಿದ್ದು ನಾವು ಮಾತ್ರ ಅಲ್ಲ. 1842ರಲ್ಲಿ ಇಂಗ್ಲೆಂಡಿನ ಕೂಲಿಕಾರರು 33 ಲಕ್ಷ ಸಹಿ ಹಾಕಿ ಪಾರ್ಲಿಮೆಂಟಿಗೆ ಒಂದು ಅರ್ಜಿ ಒಯ್ದಿದ್ದರು. ರಾಣಿಗೆ ದಿನಕ್ಕೆ 164 ಪೌಂಡ್ ಸಿಗುತ್ತದೆ, ಸಾವಿರಾರು ಕೂಲಿ ಕುಟುಂಬಗಳಿಗೆ ತಲೆಗೆ ಮೂರೂಮುಕ್ಕಾಲು ಪೆನ್ಸ್ ಎಂದು ಅದರಲ್ಲಿ ಬರೆದಿತ್ತು. 287 ಮತಗಳು ಅದಕ್ಕೆ ವಿರುದ್ಧ, 49 ಪರವಾಗಿ. ಅರ್ಜಿ ಅಲ್ಲಿಗೇ ಬಿತ್ತು.

ಲೋಹಿಯಾ ವಿಷಯಕ್ಕೆ ವಾಪಸ್ ಬರೋಣ. ಕನ್ನಡಿಗರಿಗೆ ಅವರು ದೂರದವರಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರೂ ಬಂದು ಬಂಧನಕ್ಕೆ ಒಳಗಾದರು. ಅಲ್ಲಿನ ಜಗಳದಲ್ಲೂ ಅಳತೆಯ ಮಾತೇ ಇತ್ತು. ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು? ಕೊಳಗ ಒಂದಿಷ್ಟು ಹಿಗ್ಗಿದರೆ ವರ್ಷವಿಡೀ ದುಡಿದವನ ಕಣಜ ಅಷ್ಟು ಕುಗ್ಗುತ್ತದೆ. ಅಳೆಯುವ ಸಾಧನ ಯಾರ ಕೈಯಲ್ಲಿದೆ ಎಂಬುದು ಬಡವನಿಗೆ ಊಟದ ಪ್ರಶ್ನೆ. ಅದು ಕೊಳಗಕ್ಕೆ ಎಷ್ಟು ನಿಜವೋ ಸರ್ಕಾರದ ಅಂಕಿಗಳಿಗೂ ಅಷ್ಟೇ ನಿಜ.

ಸರ್ಕಾರದ ಕೊಳಗದ ಹೆಸರು ಬಡತನದ ರೇಖೆ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಬದುಕುವವರು ಬಡವರು ಎಂದು ಎಳೆದ ಗೆರೆ ಅದು. 1962ರಲ್ಲಿ ಯೋಜನಾ ಆಯೋಗದ ತಜ್ಞರ ಗುಂಪು ಒಬ್ಬರಿಗೆ ತಿಂಗಳಿಗೆ 20 ರೂಪಾಯಿ ಇದ್ದರೆ ಕನಿಷ್ಠ ಬದುಕು ನಡೆಯುತ್ತದೆ ಎಂದು ಹೇಳಿತು. ಆ ಇಪ್ಪತ್ತರಲ್ಲಿ ಆಸ್ಪತ್ರೆಯ ಖರ್ಚಿಲ್ಲ, ಮಕ್ಕಳ ಓದಿನ ಖರ್ಚೂ ಇಲ್ಲ. ಯಾಕೆ ಬಿಟ್ಟರು? ಅವೆರಡನ್ನೂ ಸರ್ಕಾರ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯಿಂದ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ಕಾಡುವ ಜಾಗ ಇದು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟ ಎರಡು ಸಾಲು. ಆ ಮಾತನ್ನು ಪೂರ್ತಿ ಉಳಿಸಿಕೊಳ್ಳುವುದು ಆಮೇಲೆ ಬಂದ ಯಾರಿಗೂ ಆಗಲಿಲ್ಲ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ನೂರಕ್ಕೆ ಆರರಷ್ಟು ಇಡಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಅದು ಇವತ್ತಿಗೂ ಪ್ರಣಾಳಿಕೆಗಳಲ್ಲಿ ಬಂದು ಹೋಗುವ ಮಾತಾಗಿಯೇ ಉಳಿದಿದೆ.

1979ರಲ್ಲಿ ರೇಖೆ ಕ್ಯಾಲೊರಿಗೆ, ಅಂದರೆ ಊಟದಿಂದ ಸಿಗುವ ಶಕ್ತಿಯ ಅಳತೆಗೆ ತಿರುಗಿತು. ಹಳ್ಳಿಯವನಿಗೆ ದಿನಕ್ಕೆ 2,400, ಪಟ್ಟಣದವನಿಗೆ 2,100. ಓದು, ಔಷಧಿಗೆ ಜನ ಕೈಯಿಂದ ಹಾಕುವ ಹಣವನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದು ಸುರೇಶ್ ತೆಂಡೂಲ್ಕರ್ ಸಮಿತಿ ಹೇಳುವ ಹೊತ್ತಿಗೆ 2009 ಆಗಿತ್ತು. ಸೇರಿಸಿದರೂ ರೇಖೆ ತೀರಾ ಕೆಳಗೇ ಉಳಿಯಿತು. 2011ರ ಸೆಪ್ಟೆಂಬರ್‌ನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತು. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಇತ್ತು ಅದರಲ್ಲಿ. ದೇಶಕ್ಕೆ ದೇಶವೇ ಸಿಟ್ಟಾಯಿತು. 2014ರಲ್ಲಿ ರಂಗರಾಜನ್ ಸಮಿತಿ ಅದನ್ನು 47 ಮತ್ತು 32ಕ್ಕೆ ಏರಿಸಿತು.

ಜನ ಸಿಟ್ಟಾದದ್ದು ಸುಮ್ನೆ ಅಲ್ಲ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲು ಹಾಕಿಸಿಕೊಂಡ ದಿನಗಳಿಗೆ ಅದರಲ್ಲಿ ಗುರುತು. ಗ್ಯಾಸ್ ಬಂದ ತಾರೀಕಿಗೆ ಸುತ್ತು. ಹಾಳೆ ತಿರುವಿದರೆ ಹಿಂದೆ ಪೆನ್ಸಿಲಿನಲ್ಲಿ ಕೂಡಿದ ಲೆಕ್ಕ: ಅಕ್ಕಿ, ಬೇಳೆ, ಎಣ್ಣೆ, ಕರೆಂಟು. ಇವೆಲ್ಲ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗುತ್ತವೆ, ಅಷ್ಟೇ. ಲೆಕ್ಕ ತಪ್ಪಿಸುವುದು ಎರಡೇ ಸಾಲು. ಜೂನ್ ತಿಂಗಳಿನ ಸ್ಕೂಲ್ ಫೀಸು, ಮತ್ತೆ ಹೇಳದೆ ಕೇಳದೆ ಬರುವ ಆಸ್ಪತ್ರೆ ಬಿಲ್ಲು. ಆ ತಿಂಗಳುಗಳಲ್ಲಿ ಕೂಡಿಸಿದ ಮೊತ್ತದ ಕೆಳಗೆ ಸಾಲ ಎಂದು ಬರೆದಿರುತ್ತದೆ. 1962ರಲ್ಲಿ ಬಿಟ್ಟುಹೋದ ಎರಡು ಸಾಲುಗಳೇ ಅವು.

ಏನೂ ಬದಲಾಗಿಲ್ಲ ಎಂದರೆ ತಪ್ಪಾಗುತ್ತದೆ. 2013–14ರಲ್ಲಿ ದೇಶದ ಆರೋಗ್ಯ ವೆಚ್ಚದ ನೂರರಲ್ಲಿ 64 ಪಾಲನ್ನು ಜನ ತಮ್ಮ ಜೇಬಿನಿಂದ ಕೊಡುತ್ತಿದ್ದರು. 2021–22ಕ್ಕೆ ಅದು 39ಕ್ಕೆ ಇಳಿದಿದೆ ಎನ್ನುತ್ತದೆ ಸರ್ಕಾರದ ಲೆಕ್ಕ. 2022–23ರ ಕುಟುಂಬ ಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಯ ಒಬ್ಬರ ತಿಂಗಳ ಖರ್ಚು 3,773 ರೂಪಾಯಿ, ಪಟ್ಟಣದಲ್ಲಿ 6,459. ಹಳ್ಳಿಯ ಖರ್ಚಿನಲ್ಲಿ ಊಟದ ಪಾಲು ಅರ್ಧಕ್ಕಿಂತ ಕೆಳಗಿಳಿದಿದೆ. ಹೊಟ್ಟೆಯ ಚಿಂತೆ ಕಡಿಮೆಯಾದಷ್ಟೂ ಉಳಿದ ಚಿಂತೆಗಳು ಮೇಲೆ ಬಂದಿವೆ. ಆದರೆ ಇವೂ ಸರಾಸರಿಗಳೇ. ಹತ್ತನೆಯವನ ಜೇಬಿನ 91 ರೂಪಾಯಿ ಇದರೊಳಗೂ ಸೇರಿಕೊಂಡಿದೆ. ಅದಕ್ಕೂ ಹಿಂದೆ, 2017–18ರಲ್ಲಿ ಮಾಡಿದ ಸಮೀಕ್ಷೆಯ ವರದಿಯನ್ನು ಸರ್ಕಾರ ಬಿಡುಗಡೆ ಮಾಡಲೇ ಇಲ್ಲ. ಹೀಗಾಗಿ ಹತ್ತು ವರ್ಷಕ್ಕೂ ಜಾಸ್ತಿ ಕಾಲ ದೇಶ ತನ್ನ ಮನೆಗಳ ಹೊಸ ಲೆಕ್ಕವಿಲ್ಲದೆ ನಡೆಯಿತು. ಇದು ಸಣ್ಣ ವಿಷಯವಲ್ಲ. ಲೋಹಿಯಾ ಜಗಳವಾಡಲಿಕ್ಕಾದರೂ ಕೈಯಲ್ಲಿ ಅಂಕಿ ಬೇಕಿತ್ತು.

ಮುಂದಿನ ನಾಯಕ ಯಾವ ಪಕ್ಷದವನೇ ಆಗಲಿ, ನಾನು ಅವನ ಮುಂದೆ ಇಡುವುದು ಒಂದೇ ಅಂಕಿ. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ 1995ರಲ್ಲಿ ತಿಂಗಳಿಗೆ 75 ರೂಪಾಯಿ ಕೊಡಲು ಶುರುಮಾಡಿತು. 2006ರಲ್ಲಿ ಅದು 200 ಆಯಿತು. 80 ದಾಟಿದವರಿಗೆ ಆಮೇಲೆ 500 ಆಯಿತು, ಉಳಿದವರಿಗೆ ಕೇಂದ್ರದ ಪಾಲು 2023ರಲ್ಲೂ ಅದೇ 200. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ಅದರಿಂದಲೇ ಎಷ್ಟೋ ಅಜ್ಜ ಅಜ್ಜಿಯರ ದಿನ ನಡೆಯುತ್ತಿದೆ. ಆದರೂ ಆ 200ನ್ನು ಲೋಹಿಯಾ ಭಾಗಿಸಿದ ಹಾಗೆ ದಿನಕ್ಕೆ ಭಾಗಿಸಿ ನೋಡಲಿ. ಆರು ರೂಪಾಯಿ ಅರವತ್ತೇಳು ಪೈಸೆ. ಅದರ ಪಕ್ಕದಲ್ಲಿ ಬಿಪಿ ಮಾತ್ರೆಯ ಬೆಲೆಯನ್ನೂ ಬರೆದುಕೊಳ್ಳಲಿ.